ಮನೆಪಾಠವಲ್ಲ, ಮನೆಶಾಲೆ: ಮುಂಬೈ ಬಳಿಯ ಡೊಂಬಿವಲಿಯ ಅಡುಗೆಮನೆಯಿಂದ

[ದೃಶ್ಯ: ಅಡುಗೆಕಟ್ಟೆ. ಅಕ್ಕಿ, ಉದ್ದು, ಸ್ಟೀಲ್ ಲೋಟ, ಮಗುವಿನ ಕೈ.]

ದೋಸೆಗೆ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು. ಅಕ್ಕಿ ಒಂದೂವರೆ ಲೋಟವಾದರೆ? ಒಂಬತ್ತು ವರ್ಷದ ನನ್ನ ಮಗಳು ಲೋಟದ ನಡುವೆ ಬೆರಳಿಟ್ಟು, ಅಲ್ಲಿಯವರೆಗೆ ಉದ್ದು ಸುರಿದು, "ಅರ್ಧ" ಎನ್ನುತ್ತಾಳೆ. ಭಿನ್ನರಾಶಿ ಎಂಬ ಹೆಸರನ್ನು ಆಮೇಲೆ ಹೇಳಿದೆ. ಹೋದ ವರ್ಷ ಇದೇ ಲೆಕ್ಕಕ್ಕೆ ಅತ್ತವಳು ಇವಳು.

ಆಗ ಅವಳ ತರಗತಿಯಲ್ಲಿ 54 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಬೇಕೆನ್ನುತ್ತದೆ. ಟೀಚರ್ ಒಳ್ಳೆಯವರೇ, ಆದರೆ ಒಂದು ಪೀರಿಯಡ್‌ನಲ್ಲಿ ಅಷ್ಟು ಮುಖಗಳನ್ನು ನೋಡಲೂ ಅವರಿಗೆ ಪುರಸೊತ್ತಿರಲಿಲ್ಲ. ಮಗಳು ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಅಂಕ ಇಳಿದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇವೆಂದು ತಿಳಿದದ್ದೇ ಊರಿನಿಂದ ಅಮ್ಮನ ಫೋನು: "ಪೊಲೀಸರು ಬಂದರೆ ಏನು ಮಾಡುತ್ತೀಯೇ?" 2009ರ ಆ ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ. ಸೇರಿಸದ ಹೆತ್ತವರಿಗೆ ಅದರಲ್ಲಿ ದಂಡವಿಲ್ಲ, ಮನೆಶಾಲೆಗೆ ನೇರ ಒಪ್ಪಿಗೆಯೂ ಇಲ್ಲ. ಇಷ್ಟನ್ನು ತಿಳಿದೇ ಮುಂದಡಿ ಇಡಿ.

[ದೃಶ್ಯ: ಮೇಜಿನ ಮೇಲೆ ಅರ್ಜಿ, ಪುಸ್ತಕಗಳು.]

ಪರೀಕ್ಷೆಗೆ ದಾರಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 1989ರಲ್ಲಿ ಆರಂಭವಾದದ್ದು. 14 ತುಂಬಿದವರು ಹತ್ತನೆಯ ತರಗತಿಯ ಮಟ್ಟಕ್ಕೆ ಹೆಸರು ಕೊಡಬಹುದು. ಐದು ವಿಷಯ ಪಾಸಾದರೆ ಸಾಕು, ಎಲ್ಲವನ್ನೂ ಒಂದೇ ಸಲ ಬರೆಯಬೇಕಾಗಿಲ್ಲ. ನೋಂದಣಿ 5 ವರ್ಷ ಚಾಲ್ತಿಯಲ್ಲಿರುತ್ತದೆ. 2016ರಲ್ಲಿ ಮುಂಬೈಯ 17ರ ಹುಡುಗಿಯೊಬ್ಬಳು ಹತ್ತನೆಯ ಪ್ರಮಾಣಪತ್ರವೂ ಇಲ್ಲದೆ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿಗೆ ಸೇರಿದ್ದನ್ನು ಎಲ್ಲರೂ ನೆನಪಿಸುತ್ತಾರೆ. ಆಕೆಯ ಬಳಿ ಅಂತರರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡಿನ, ಅಂದರೆ ಶಾಲಾ ವಯಸ್ಸಿನವರ ಕಂಪ್ಯೂಟರ್ ಪ್ರೋಗ್ರಾಮಿಂಗ್ ಸ್ಪರ್ಧೆಯ, ಮೂರು ಪದಕಗಳಿದ್ದವು. ಹಾಗಿದ್ದೂ ಹನ್ನೆರಡನೆಯ ತರಗತಿ ಇಲ್ಲದ ಕಾರಣ ಐಐಟಿಗೆ ಸೇರುವಂತಿರಲಿಲ್ಲ. ಆದ್ದರಿಂದ ನಾವು ಪ್ರಮಾಣಪತ್ರದ ದಾರಿಯನ್ನು ಬಿಟ್ಟುಕೊಡುವುದಿಲ್ಲ.

ಕನ್ನಡ ಕಲಿಸುವವರು ನನ್ನ ಮಾವ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ದಾಟಿದವರು. ಮುಂಬೈ ಕನ್ನಡಿಗರ ಒಂದು ತಲೆಮಾರೇ ಹಾಗೆ ಓದಿದೆ. ಮಾವ ಈಗಲೂ ಒತ್ತಕ್ಷರ ಬರೆಸುವುದು ಸ್ಲೇಟಿನ ಮೇಲೆಯೇ. ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಅವರೇ ಒರೆಸಿ, ಬಳಪವನ್ನು ಮತ್ತೆ ಅವಳ ಕೈಗೆ ಕೊಡುತ್ತಾರೆ.

ಗಂಡ, ಹೆಂಡತಿ ಇಬ್ಬರೂ ಬೆಳಿಗ್ಗೆಯೇ ಲೋಕಲ್ ರೈಲು ಹಿಡಿಯುವ ಮನೆಗೆ ಇದು ಬಹಳ ಕಷ್ಟ. ನಾನು ಅರ್ಧ ದಿನದ ಕೆಲಸಕ್ಕೆ ಇಳಿದೆ, ಸಂಬಳವೂ ಇಳಿಯಿತು. ಅದನ್ನು ಹೇಗೋ ಸರಿದೂಗಿಸುತ್ತಿದ್ದೇವೆ. ಜೊತೆಗಾರರ ಕೊರತೆ ಮಾತ್ರ ಹಾಗೆಯೇ ಉಳಿದಿದೆ. ಬೆಳಿಗ್ಗೆ ಶಾಲೆಯ ವ್ಯಾನ್ ಬಂದಾಗ ಅವಳು ಕಿಟಕಿಯ ಸರಳು ಹಿಡಿದು ನಿಂತು, ಅದು ತಿರುವು ದಾಟುವವರೆಗೂ ನೋಡುತ್ತಾಳೆ.

ಕಲ್ಯಾಣ, ಡೊಂಬಿವಲಿ, ಠಾಣೆಯ ಕಡೆ ಮನೆಯಲ್ಲೇ ಕಲಿಯುವ ಮಕ್ಕಳಿರುವ ಕನ್ನಡದ ಮನೆಗಳಿದ್ದರೆ ದಯವಿಟ್ಟು ನಮಗೆ ಬರೆಯಿರಿ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಒಟ್ಟಿಗೆ ಆಡಲು ಬಿಡೋಣ. ದೋಸೆ ನಮ್ಮ ಮನೆಯದು.