ಎಂಜಿನ್ ಬೇಡ, ಮೊದಲು ಪ್ರೊಪೆಲ್ಲರ್ ಬದಲಿಸಿ

ಕೇಳುಗರಿಗೆ ನಮಸ್ಕಾರ. ಕೋಲಾರ, ಮಾಲೂರು, ಕೆಜಿಎಫ್ ಕಡೆ ರಿಮೋಟ್ ವಿಮಾನ ಕಟ್ಟುವ ಹುಡುಗ ಹುಡುಗಿಯರು ರೇಡಿಯೋ ಹಾಕಿಕೊಂಡಿದ್ದರೆ, ಈ ಮಾತು ನಿಮಗೇ. ನಿಮ್ಮ ವಿಮಾನ ಮೇಲೇಳುತ್ತಿಲ್ಲವಾ? ದೊಡ್ಡ ಎಂಜಿನ್ ಹುಡುಕಬೇಡಿ. ಮೊದಲು ಪ್ರೊಪೆಲ್ಲರ್ ಬದಲಿಸಿ.

ಪ್ರೊಪೆಲ್ಲರ್ ಅಂದರೆ ವಿಮಾನದ ಮೂತಿಯಲ್ಲಿ ತಿರುಗುವ ಫ್ಯಾನು, ಅದರ ಮೇಲೆ 10×6 ಅಂತ ಬರೆದಿರುತ್ತದೆ. 10 ಅಂದರೆ ತುದಿಯಿಂದ ತುದಿಗೆ 10 ಇಂಚು. 6 ಅಂದರೆ ಪಿಚ್. ಗಾಳಿ ಜಾರದೆ ಇದ್ದಿದ್ದರೆ ಒಂದು ಸುತ್ತಿಗೆ ಅದು 6 ಇಂಚು ಮುಂದೆ ಹೋಗುತ್ತಿತ್ತು. ಉದ್ದ ಜಾಸ್ತಿಯಾದರೆ ಎಳೆತ, ಪಿಚ್ ಜಾಸ್ತಿಯಾದರೆ ವೇಗ. ಎರಡೂ ಜಾಸ್ತಿ ಬೇಕು ಅಂದರೆ ಎಂಜಿನ್ ಒಪ್ಪುವುದಿಲ್ಲ.

ಒಂದು ಪ್ರಸಂಗ ಹೇಳಲೇಬೇಕು. ಬೆಂಗಳೂರಿನಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಬರುವುದಕ್ಕೆ ಮುಂಚೆ ನಮ್ಮ ಕಡೆ ಕೆರೆಗಳು ಒಣಗಿದ್ದವಲ್ಲ, ಆ ಕೆರೆ ಅಂಗಳವೇ ನಮ್ಮ ರನ್‌ವೇ. ಡಿಪ್ಲೊಮಾ ಓದುತ್ತಿದ್ದ ಹುಡುಗರ ಗುಂಪೊಂದು ಐದಡಿ ರೆಕ್ಕೆಯ ಟ್ರೇನರ್, ಅಂದರೆ ಹಾರಿಸಲು ಕಲಿಯುವವರ ವಿಮಾನ, ತಂದಿತ್ತು. ಬಾಲ್ಸಾ ಮರದ ಕೆಲಸ, ಬಹಳ ಅಚ್ಚುಕಟ್ಟು. ಎಂಜಿನ್ 40 ಸೈಜು, ಅಂದರೆ ಆರೂವರೆ ಸಿಸಿ. ಆ ವಿಮಾನಕ್ಕೆ ಸರಿಯಾದ ಎಂಜಿನ್ನೇ. ಆದರೆ ಮೂತಿಗೆ 11×8 ಪ್ರೊಪೆಲ್ಲರ್! ದೊಡ್ಡದು ಹಾಕಿದರೆ ಜೋರಾಗಿ ಎಳೆಯುತ್ತದೆ ಅಂತ ಯಾರೋ ಹೇಳಿದ್ದರಂತೆ.

ವಿಮಾನ ಓಡಿತು, ಓಡಿತು, ಕೆರೆ ಏರಿಯ ಹತ್ತಿರದವರೆಗೂ ಓಡಿತು. ಚಕ್ರ ನೆಲ ಬಿಡಲಿಲ್ಲ. ಮತ್ತೆ ತಂದು ಬಿಟ್ಟರು. ಈ ಸಲ ಎಂಜಿನ್ ಕಾದು ದಾರಿಯಲ್ಲೇ ನಿಂತಿತು. ನಂದಿ ಬೆಟ್ಟದ ಏರಿನಲ್ಲಿ ಬೈಕನ್ನು ಟಾಪ್ ಗೇರಿನಲ್ಲಿ ಎಳೆಸಿದರೆ ಮುಕ್ಕರಿಯುತ್ತದಲ್ಲ, ಅದೇ ಸದ್ದು. "ಸರ್, 60 ಸೈಜಿನ ಎಂಜಿನ್ ತಗೊಳ್ತೀವಿ, ಎಲ್ಲರೂ ದುಡ್ಡು ಹಾಕ್ತೀವಿ" ಅಂದರು. ನನಗೆ ಹೊಟ್ಟೆ ಉರಿಯಿತು. ಓದುವ ಮಕ್ಕಳು, ಎಲ್ಲಿಂದ ತರುತ್ತಾರೆ ದುಡ್ಡು? "ಸುಮ್ನೆ ಇರ್ರಪ್ಪ" ಅಂದು ನನ್ನ ಪೆಟ್ಟಿಗೆಯಿಂದ 10×6 ತೆಗೆದು ಹಾಕಿಸಿದೆ. ಎಂಜಿನ್ ಸದ್ದು ಅಲ್ಲೇ ತಿಳಿಯಾಯಿತು. ಅರ್ಧ ದೂರಕ್ಕೇ ವಿಮಾನ ಎದ್ದಿತು. ಹುಡುಗರ ಕೂಗಾಟಕ್ಕೆ ದನ ಕಾಯುತ್ತಿದ್ದವರೂ ಓಡಿ ಬಂದರು.

ಆದದ್ದು ಇಷ್ಟೇ. 10 ಇಂಚನ್ನು 11 ಮಾಡಿದರೆ ಕೇಳುವುದಕ್ಕೆ ಒಂದೇ ಇಂಚು. ಅದೇ ವೇಗದಲ್ಲಿ ತಿರುಗಿಸಲು ಬೇಕಾದ ಶಕ್ತಿ ಮಾತ್ರ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಅದರ ಮೇಲೆ 8ರ ಪಿಚ್ ಬೇರೆ. ಎಂಜಿನ್ ತನ್ನ ಸುತ್ತು ಮುಟ್ಟುವುದೇ ಇಲ್ಲ. ಅದೇ 10×6 ನಿಮಿಷಕ್ಕೆ 11,000 ಸುತ್ತು ಹಾಕಿದರೆ ಲೆಕ್ಕದ ಪ್ರಕಾರ ಗಂಟೆಗೆ 100 ಕಿಲೋಮೀಟರ್ ವೇಗ. ಕಲಿಯುವವರ ವಿಮಾನಕ್ಕೆ ಇನ್ನೇನು ಬೇಕು ಹೇಳಿ? 11 ಇಂಚೇ ಬೇಕೆಂದರೆ ಪಿಚ್ ಇಳಿಸಿ, 11×5 ಹಾಕಿ. ತೀರಾ ಚಿಕ್ಕದೂ ಬೇಡ, ಎಂಜಿನ್ ಮಿತಿ ಮೀರಿ ಸುತ್ತಿ ಒಳಗೆ ಸವೆಯುತ್ತದೆ.

1903ರಲ್ಲಿ ರೈಟ್ ಸಹೋದರರ ಎಂಜಿನ್ ಬರೀ 12 ಹಾರ್ಸ್‌ಪವರ್. ಎಂಟೂವರೆ ಅಡಿಯ ಎರಡು ಪ್ರೊಪೆಲ್ಲರ್‌ಗಳನ್ನು ಲೆಕ್ಕ ಹಾಕಿ ತಾವೇ ಕೆತ್ತಿಕೊಂಡರು, ಹಾರಿದರು. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಪ್ರೊಪೆಲ್ಲರ್!

ಸಮಯ ಮುಗಿಯಿತು ಅಂತ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಮೇಲಿದೆ, ಗಾಳಿ ಸ್ವಲ್ಪ ತೆಳು. ಸಮುದ್ರ ತೀರದಲ್ಲಿ ಟ್ಯೂನ್ ಮಾಡಿದ ಎಂಜಿನ್ ತಂದರೆ ನೀಡಲ್, ಅಂದರೆ ಇಂಧನದ ಹದ ಮಾಡುವ ತಿರುಪು, ಇನ್ನೊಂಚೂರು ಬಿಗಿ ಮಾಡಿ. ಪ್ರೊಪೆಲ್ಲರ್ ಹಾಕುವ ಮುಂಚೆ ಬ್ಯಾಲೆನ್ಸ್ ನೋಡಿ. ಬಿರುಕು ಬಿಟ್ಟಿದ್ದರೆ ಅಂಟು ಹಾಕಬೇಡಿ, ಎಸೆಯಿರಿ. ಎಂಜಿನ್ ಓಡುವಾಗ ಪ್ರೊಪೆಲ್ಲರ್ ಪಕ್ಕಕ್ಕೆ ಯಾರನ್ನೂ ಬಿಡಬೇಡಿ, ನೀಡಲ್ ತಿರುಗಿಸುವವರು ಅದರ ಹಿಂದೆಯೇ ಇರಬೇಕು. ನಮಸ್ಕಾರ.