ಗೆದ್ದವರು ಯಾರು? ಸ್ಟಾಕ್ ಕಾರ್ ರೇಸಿನ ಕೆಲವು ಹಳೆಯ ಲೆಕ್ಕಗಳು

ಎಲ್ಲರಿಗೂ ನಮಸ್ಕಾರ.

ನಾನು ಹನ್ನೊಂದು ವರ್ಷ ಅಮೆರಿಕದ ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೊದಲ್ಲಿದ್ದೆ. ಅಲ್ಲಿಂದ ಉತ್ತರಕ್ಕೆ ಒಂದು ಗಂಟೆ ಕಾರು ಓಡಿಸಿದರೆ ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಸಿಗುತ್ತದೆ. ಚಿಕ್ಕ ಊರು. ಅದರ ರೇಸ್ ಟ್ರ್ಯಾಕೂ ಚಿಕ್ಕದು. ಒಂದು ಸುತ್ತಿಗೆ ಸುಮಾರು 850 ಮೀಟರ್. ಗೆದ್ದವರಿಗೆ ಅಲ್ಲಿ ಕಪ್ ಕೊಡುವುದಿಲ್ಲ. ಆಳೆತ್ತರದ ಲೋಲಕದ ಗಡಿಯಾರ ಕೊಡುತ್ತಾರೆ. 1964ರಿಂದ ಬಂದ ಪದ್ಧತಿ ಅದು.

2013ರ ಏಪ್ರಿಲ್‌ನಲ್ಲಿ ಆಫೀಸಿನ ಗೆಳೆಯರೊಬ್ಬರು ಬಲವಂತ ಮಾಡಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಕಾರುಗಳು ಸುಮ್ನೆ ಸುತ್ತು ಹಾಕುವುದರಲ್ಲಿ ನೋಡೋಕೆ ಏನಿದೆ ಅಂತ ನನಗೆ ಅನ್ನಿಸಿತ್ತು. ಬಾವುಟ ಬೀಸಿದಾಗ ಗೊತ್ತಾಯಿತು. ನಲವತ್ತಕ್ಕೂ ಹೆಚ್ಚು ಇಂಜಿನ್‌ಗಳು ಒಟ್ಟಿಗೆ ಗುಡುಗಿದರೆ ಆ ಸದ್ದು ಕಿವಿಗೆ ಬರುವ ಮೊದಲೇ ಎದೆಗೆ ಬರುತ್ತದೆ. ಕೂತ ಬೆಂಚು ನಡುಗುತ್ತದೆ. ಸುಟ್ಟ ರಬ್ಬರಿನ ಪುಡಿ ಮುಖಕ್ಕೆ ಹಾರುತ್ತದೆ.

ನನ್ನ ಪಕ್ಕದಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜ ಕೂತಿದ್ದರು. ತೊಡೆಯ ಮೇಲೆ ನೋಟ್‌ಬುಕ್ಕು, ಕೈಯಲ್ಲಿ ಪೆನ್ಸಿಲ್. ತಮ್ಮ ಮೆಚ್ಚಿನ ಕಾರು ಎದುರಿಗೆ ಹಾದಾಗಲೆಲ್ಲ ಒಂದು ಗೀಟು. ನಾಲ್ಕು ಗೀಟಿಗೆ ಅಡ್ಡ ಒಂದು ಗೀಟು. ಐದರ ಕಟ್ಟು. ಎದುರಿಗೆ ದೊಡ್ಡ ಪರದೆಯ ಮೇಲೆ ಎಲ್ಲ ಲೆಕ್ಕವೂ ಬರುತ್ತಿತ್ತು. ಆದರೂ ಅವರು ಬರೆಯುತ್ತಲೇ ಇದ್ದರು. 500 ಸುತ್ತು, 500 ಗೀಟು. ಏಕೆ ಅಂತ ಕೇಳಿದೆ. ಈ ಆಟದಲ್ಲಿ ಗೆದ್ದವರು ಯಾರು ಅಂತ ರೇಸ್ ನಡೆಸುವವರು ಹೇಳಿದ್ದನ್ನು ಹಾಗೇ ನಂಬಬಾರದು, ನಾನು ಎಲ್ಲ ನೋಡಿದವನು, ಅಂದರು.

ಇವತ್ತು ನಾನು ಮಾತಾಡುವುದು ಆ ಒಂದು ಮಾತಿನ ಬಗ್ಗೆ.

ಮೊದಲಿಗೆ, ಸ್ಟಾಕ್ ಕಾರ್ ಅಂದರೆ ಏನು? ಅಂಗಡಿಯಲ್ಲಿ ಸ್ಟಾಕ್ ಇರುವ ಕಾರು, ಅಷ್ಟೇ. ನೀವು ನಾನು ಷೋರೂಮಿನಲ್ಲಿ ಕೊಳ್ಳುವಂಥದ್ದು. ಈಗಿನ ರೇಸ್ ಕಾರಿಗೂ ಷೋರೂಮಿಗೂ ಸಂಬಂಧ ಕಡಿಮೆ. ಆದರೆ ಶುರುವಾಗಿದ್ದು ಹಾಗೆ. ಅಮೆರಿಕದ ದಕ್ಷಿಣದ ಗುಡ್ಡಗಾಡಿನಲ್ಲಿ ಕಳ್ಳಭಟ್ಟಿ ಕಾಯಿಸುತ್ತಿದ್ದರು. ಅದನ್ನು ರಾತ್ರಿ ಹೊತ್ತು ಪೊಲೀಸರ ಕಣ್ಣು ತಪ್ಪಿಸಿ ಪೇಟೆಗೆ ಸಾಗಿಸಬೇಕು. ಹೊರಗಿನಿಂದ ನೋಡಿದರೆ ಸಾಮಾನ್ಯ ಕಾರು, ಒಳಗೆ ಬಲವಾದ ಇಂಜಿನ್. ಆ ಹುಡುಗರೇ ಭಾನುವಾರ ಹೊಲದಲ್ಲಿ ಪಂದ್ಯ ಕಟ್ಟುತ್ತಿದ್ದರು. ಮುಂದೆ 50 ರೇಸ್ ಗೆದ್ದ ಜೂನಿಯರ್ ಜಾನ್ಸನ್ 1956ರಲ್ಲಿ ಅಪ್ಪನ ಭಟ್ಟಿಯ ಹತ್ತಿರವೇ ಸಿಕ್ಕಿಬಿದ್ದು ಜೈಲಿಗೆ ಹೋಗಿ ಬಂದವರು. ಅಧ್ಯಕ್ಷ ರೇಗನ್ ಅವರಿಗೆ ಕ್ಷಮಾದಾನ ಕೊಟ್ಟಿದ್ದು 1986ರಲ್ಲಿ.

1947ರ ಡಿಸೆಂಬರ್‌ನಲ್ಲಿ ಬಿಲ್ ಫ್ರಾನ್ಸ್ ಎಂಬುವರು ಫ್ಲಾರಿಡಾದ ಡೇಟೋನಾ ಬೀಚಿನ ಒಂದು ಹೋಟೆಲಿನಲ್ಲಿ ಎಲ್ಲರನ್ನೂ ಸೇರಿಸಿದರು. ಮರುವರ್ಷ ಫೆಬ್ರವರಿಯಲ್ಲಿ ನಾಸ್ಕಾರ್ ಸಂಸ್ಥೆ ನೋಂದಣಿಯಾಯಿತು. ಅದರ ಮುಖ್ಯ ಸರಣಿಯ ಮೊದಲ ರೇಸ್ ನಡೆದಿದ್ದು 1949ರ ಜೂನ್ 19ರಂದು, ಷಾರ್ಲೆಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ.

ಆ ಮೊದಲ ದಿನವೇ ಗೆದ್ದವರು ಬದಲಾದರು, ನೋಡಿ! ಗ್ಲೆನ್ ಡನವೇ ಎಂಬ ಚಾಲಕ ಮೂರು ಸುತ್ತು ಮುಂದಿದ್ದು ಗುರಿ ಮುಟ್ಟಿದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅವರ ಫೋರ್ಡ್ ಕಾರನ್ನು ತಪಾಸಣೆ ಮಾಡಿದರು. ಹಿಂದಿನ ಸ್ಪ್ರಿಂಗ್‌ಗಳಿಗೆ ಬೆಣೆ ಹಾಕಿ ಬಿಗಿ ಮಾಡಿದ್ದು ಕಂಡಿತು. ಕಳ್ಳಭಟ್ಟಿ ಸಾಗಿಸುವವರ ಉಪಾಯ ಅದು. ಡಿಕ್ಕಿ ತುಂಬ ಸಾರಾಯಿ ಹೇರಿದರೂ ಕಾರಿನ ಹಿಂಭಾಗ ಕುಸಿಯಬಾರದು, ಪೊಲೀಸರಿಗೆ ಅನುಮಾನ ಬರಬಾರದು. ಆ ಕಾರು ಹಿಂದಿನ ವಾರವಷ್ಟೇ ಸರಕು ಸಾಗಿಸಿ ಬಂದಿತ್ತಂತೆ. ತಿರುವಿನಲ್ಲಿ ಅಂಥ ಸ್ಪ್ರಿಂಗ್ ಅನುಕೂಲ. ಆದರೆ ಅದು ಷೋರೂಮಿನ ಕಾರಲ್ಲ. ಡನವೇ ಅನರ್ಹರಾದರು. ದೂರದ ಕಾನ್ಸಾಸ್‌ನಿಂದ ಬಂದಿದ್ದ ಜಿಮ್ ರೋಪರ್ ಮೊದಲ ವಿಜೇತರಾದರು. ಕಾರಿನ ಮಾಲೀಕರು ಕೋರ್ಟಿಗೆ ಹೋದರು. ನಿಯಮ ಮಾಡುವ ಹಕ್ಕು ಸಂಸ್ಥೆಗೆ ಇದೆ ಅಂತ ತೀರ್ಪು ಬಂತು. ಅಲ್ಲಿಂದ ಮುಂದೆ ನಾಸ್ಕಾರ್ ಹೇಳಿದ್ದೇ ಅಂತಿಮ.

ಅದೇ ರೇಸಿನಲ್ಲಿ ಲೀ ಪೆಟಿ ಎಂಬುವರು ಬೇರೆಯವರಿಂದ ಕೇಳಿ ತಂದ ಬ್ಯೂಕ್ ಕಾರನ್ನು ಪಲ್ಟಿ ಹೊಡೆಸಿದರು. ಮನೆಯವರು ಯಾರದೋ ಗಾಡಿ ಹತ್ತಿ ಊರು ಸೇರಬೇಕಾಯಿತು. ಜೊತೆಗೆ 11 ವರ್ಷದ ಮಗ ರಿಚರ್ಡ್ ಇದ್ದ. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಈಗ ಪ್ರತಿ ಕಾರಿನಲ್ಲೂ ಒಂದು ಎಲೆಕ್ಟ್ರಾನಿಕ್ ಯಂತ್ರ ಇರುತ್ತದೆ. ಗೆರೆ ದಾಟಿದ ಕ್ಷಣ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಆಗ ಅದೆಲ್ಲ ಎಲ್ಲಿತ್ತು? ಪ್ರತಿ ಕಾರಿಗೂ ಲೆಕ್ಕ ಬರೆಯಲು ಒಬ್ಬೊಬ್ಬರು. ಎಷ್ಟೋ ಸಲ ಚಾಲಕರ ಹೆಂಡತಿಯರೇ. ತಮ್ಮ ಕಾರು ಹಾದ ಕೂಡಲೇ ಗಡಿಯಾರ ನೋಡಿ ಕಾರ್ಡಿನಲ್ಲಿ ಸಮಯ ಬರೆಯಬೇಕು. ಮಣ್ಣಿನ ಟ್ರ್ಯಾಕು, ದಟ್ಟ ಧೂಳು, ಹತ್ತಿಪ್ಪತ್ತು ಸೆಕೆಂಡಿಗೆ ಒಂದು ಸುತ್ತು. ಮೂರು ಗಂಟೆ ಕಣ್ಣು ಮಿಟುಕಿಸದೆ ಕೂರಬೇಕು. ಸ್ಟಾಕ್ ಕಾರ್ ಚರಿತ್ರೆಯಲ್ಲಿ ಆ ಹೆಂಗಸರ ಹೆಸರು ಹೆಚ್ಚು ಬರುವುದಿಲ್ಲ. ಬರಬೇಕಿತ್ತು. ಆ ಕಾರ್ಡುಗಳಿಲ್ಲದೆ ಫಲಿತಾಂಶವೇ ಇರುತ್ತಿರಲಿಲ್ಲ.

1959ರಲ್ಲಿ ಬಿಲ್ ಫ್ರಾನ್ಸ್ ಡೇಟೋನಾದಲ್ಲಿ ಹೊಸ ಟ್ರ್ಯಾಕ್ ಕಟ್ಟಿದರು. ಅಲ್ಲಿಯವರೆಗೆ ಅರ್ಧ ರಸ್ತೆ, ಅರ್ಧ ಸಮುದ್ರದ ಮರಳಿನ ಮೇಲೆ ರೇಸ್ ನಡೆಯುತ್ತಿತ್ತು. ಭರತ ಇಳಿತ ನೋಡಿ ಸಮಯ ಗೊತ್ತು ಮಾಡುತ್ತಿದ್ದರು. ಹೊಸ ಟ್ರ್ಯಾಕಿನ ಸುತ್ತು 4 ಕಿಲೋಮೀಟರ್. ತಿರುವುಗಳು 31 ಡಿಗ್ರಿ ಓರೆ. ಅಷ್ಟು ಓರೆ ಮಾಡಲು ಮಣ್ಣು ಬೇಕಲ್ಲ, ಟ್ರ್ಯಾಕಿನ ನಡುವೆಯೇ ಅಗೆದರು. ಆ ಗುಂಡಿ ಈಗ ಕೆರೆ!

ಮೊದಲ ಡೇಟೋನಾ 500, ಅಂದರೆ 500 ಮೈಲಿಯ ರೇಸ್, ನಡೆದಿದ್ದು ಫೆಬ್ರವರಿ 22ರ ಭಾನುವಾರ. 800 ಕಿಲೋಮೀಟರ್ ಓಡಿದ ಮೇಲೆ ಮೂರು ಕಾರು ಅಕ್ಕಪಕ್ಕದಲ್ಲಿ ಗೆರೆ ದಾಟಿದವು. ಒಂದು ಜಾನಿ ಬೋಶಾಂ ಅವರದು, ಇನ್ನೊಂದು ಅದೇ ಲೀ ಪೆಟಿಯವರದು. ಮೂರನೆಯದು ಜೋ ವೆದರ್ಲಿಯದು. ಅದು ಸುತ್ತು ಹಿಂದಿದ್ದರೂ ಪಕ್ಕದಲ್ಲೇ ಬಂದು ನೋಡುವವರ ಕಣ್ಣು ಕಟ್ಟಿತು. ಬೋಶಾಂ ಗೆದ್ದರು ಅಂತ ಹೇಳಿ ಅವರನ್ನು ವಿಜಯದ ಕಟ್ಟೆಗೆ ಕರೆದರು. ಗೆದ್ದವನು ನಾನು ಅಂತ ಪೆಟಿ ಪಟ್ಟು ಹಿಡಿದರು. ಫೋಟೊ ಇದ್ದವರು, ಫಿಲ್ಮ್ ಇದ್ದವರು ಕಳಿಸಿ ಅಂತ ಬಿಲ್ ಫ್ರಾನ್ಸ್ ಕೇಳಿಕೊಂಡರು. ಫೋಟೊಗಳು ಬಂದವು. ಸುದ್ದಿಚಿತ್ರದವರ ರೀಲೂ ಬಂತು. 61 ಗಂಟೆಯ ಮೇಲೆ, ಬುಧವಾರ, ಗೆದ್ದವರು ಲೀ ಪೆಟಿ ಅಂತ ಘೋಷಣೆಯಾಯಿತು. ಆ ಫೋಟೊಗಳು ಸಿಗದೇ ಹೋಗಿದ್ದರೆ? ನಾನು ಆಗಾಗ ಯೋಚಿಸುತ್ತೇನೆ.

ಅದೇ ವರ್ಷ ಜೂನ್‌ನಲ್ಲಿ ಅಟ್ಲಾಂಟಾದ ಲೇಕ್‌ವುಡ್ ಟ್ರ್ಯಾಕಿನಲ್ಲಿ ಮಗ ರಿಚರ್ಡ್ ಪೆಟಿ ಮೊದಲಿಗರಾಗಿ ಬಂದರು. 21 ವರ್ಷದ ಹುಡುಗ, ಜೀವನದ ಮೊದಲ ಗೆಲುವು. ಲೆಕ್ಕ ತಪ್ಪಿದೆ ಅಂತ ಎರಡನೆಯವರು ದೂರು ಕೊಟ್ಟರು. ಕಾರ್ಡುಗಳನ್ನು ಮತ್ತೆ ಎಣಿಸಿದರು. ದೂರು ನಿಜವಾಗಿತ್ತು. ಆ ಎರಡನೆಯವರು ಯಾರು ಗೊತ್ತಾ? ಸ್ವಂತ ಅಪ್ಪ ಲೀ ಪೆಟಿ! ಗೆಲುವು ಅಪ್ಪನಿಗೆ ಹೋಯಿತು. ಮಗನಿಗೆ ಮೊದಲ ಗೆಲುವು ಬಂದಿದ್ದು 1960ರ ಫೆಬ್ರವರಿಯಲ್ಲಿ. ಮುಂದೆ ರಿಚರ್ಡ್ 200 ರೇಸ್ ಗೆದ್ದರು. ಆ ದಾಖಲೆಯ ಹತ್ತಿರಕ್ಕೂ ಇವತ್ತಿಗೂ ಯಾರೂ ಬಂದಿಲ್ಲ. ಅಜ್ಜ ಈ ಕತೆಯನ್ನು ಹೇಳುವಾಗ ಕಣ್ಣಲ್ಲಿ ನೀರು ತುಂಬಿಕೊಂಡಿದ್ದರು. ಅಪ್ಪನ ಮೇಲೆ ಸಿಟ್ಟಿಲ್ಲ ಅವರಿಗೆ. ಲೆಕ್ಕ ಅಂದರೆ ಲೆಕ್ಕ, ಅಲ್ವಾ?

1979ರ ಡೇಟೋನಾ 500ರ ಬಗ್ಗೆ ಕೇಳಿದರೆ ಯಾವ ಅಭಿಮಾನಿಯೂ ಮೊದಲು ಗೆದ್ದವರ ಹೆಸರು ಹೇಳುವುದಿಲ್ಲ. ಅವತ್ತು ಇಡೀ ರೇಸನ್ನು ಟಿವಿ ಮೊದಲ ಸಲ ನೇರವಾಗಿ ತೋರಿಸಿತು. ಅಮೆರಿಕದ ಪೂರ್ವದಲ್ಲಿ ಭಾರಿ ಹಿಮ, ಜನ ಮನೆ ಬಿಟ್ಟು ಹೊರಬರುವಂತಿರಲಿಲ್ಲ. ಕೊನೆಯ ಸುತ್ತಿನಲ್ಲಿ ಮುಂದಿದ್ದ ಡಾನಿ ಆಲಿಸನ್, ಕೇಲ್ ಯಾರ್ಬರೊ ಇಬ್ಬರೂ ಡಿಕ್ಕಿ ಹೊಡೆದುಕೊಂಡರು. ಡಾನಿಯ ಅಣ್ಣ ಬಾಬಿ ಆಲಿಸನ್ ಕಾರು ನಿಲ್ಲಿಸಿದರು. ಹುಲ್ಲಿನ ಮೇಲೆ ಕೈಕೈ ಮಿಲಾಯಿಸಿದರು. ಅಷ್ಟರಲ್ಲಿ ಹಿಂದಿನಿಂದ ಬಂದ ರಿಚರ್ಡ್ ಪೆಟಿ ಗೆದ್ದಾಗಿತ್ತು. ಮನೆಯಲ್ಲಿ ಕೂತ ಲಕ್ಷಾಂತರ ಜನ ಈ ಆಟಕ್ಕೆ ಮನಸೋತಿದ್ದು ಆ ದಿನ.

ಈಗ ನನ್ನ ಮನಸ್ಸಿಗೆ ತೀರಾ ಹತ್ತಿರದ ಕತೆಗೆ ಬರುತ್ತೇನೆ. ಮಾರ್ಟಿನ್ಸ್‌ವಿಲ್‌ನಿಂದ ಪೂರ್ವಕ್ಕೆ ಹೋದರೆ ಡ್ಯಾನ್‌ವಿಲ್ ಎಂಬ ಊರಿದೆ. ವೆಂಡೆಲ್ ಸ್ಕಾಟ್ ಅಲ್ಲಿನವರು. ಕಪ್ಪು ಜನಾಂಗದವರು. ಟ್ಯಾಕ್ಸಿ ಓಡಿಸಿದ್ದರು, ಮೆಕ್ಯಾನಿಕ್ ಆಗಿದ್ದರು, ಕಳ್ಳಭಟ್ಟಿಯನ್ನೂ ಸಾಗಿಸಿದ್ದರು. ದೊಡ್ಡ ಕಂಪನಿಗಳ ಹಣ ಅವರಿಗೆ ಸಿಗಲಿಲ್ಲ. ಹಳೆಯ ಕಾರು ಕೊಂಡು ತಾವೇ ರಿಪೇರಿ ಮಾಡುತ್ತಿದ್ದರು. ಪಿಟ್ಟಿನಲ್ಲಿ ಟೈರು ಬದಲಿಸಲು ಮನೆಯ ಹುಡುಗರೇ. ಕೆಲವು ಟ್ರ್ಯಾಕಿನವರು ಅವರನ್ನು ಒಳಗೇ ಬಿಡುತ್ತಿರಲಿಲ್ಲ.

1963ರ ಡಿಸೆಂಬರ್ 1. ಫ್ಲಾರಿಡಾದ ಜಾಕ್ಸನ್‌ವಿಲ್. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್, 200 ಸುತ್ತು. ಇನ್ನು 25 ಸುತ್ತು ಇದೆ ಅನ್ನುವಾಗ ಸ್ಕಾಟ್ ರಿಚರ್ಡ್ ಪೆಟಿಯನ್ನು ಹಿಂದೆ ಹಾಕಿ ಮುಂದೆ ಬಂದರು. 200 ಸುತ್ತು ಮುಗಿಯಿತು. ರೇಸ್ ಮುಗಿಯಿತು ಅನ್ನುವ ಬಾವುಟ ಬೀಸಲಿಲ್ಲ. ಅವರು ಓಡಿಸುತ್ತಲೇ ಇದ್ದರು, ಇನ್ನೂ ಎರಡು ಸುತ್ತು. ಕೊನೆಗೆ ಬಾವುಟ ಬೀಸಿದ್ದು ಬಕ್ ಬೇಕರ್ ಎಂಬ ಬಿಳಿಯ ಚಾಲಕರಿಗೆ. ಗೆದ್ದವರ ಕಪ್ ಕೂಡ ಅವರಿಗೇ. ಸ್ಕಾಟ್ ಲೆಕ್ಕ ತೋರಿಸಿ ಕೇಳಿದರು. ಕೆಲವು ಗಂಟೆ ಕಳೆದು ಜನ ಎಲ್ಲ ಮನೆಗೆ ಹೋದ ಮೇಲೆ ಒಪ್ಪಿಕೊಂಡರು. ಗೆದ್ದವರು ಸ್ಕಾಟ್, ಅದೂ ಎರಡು ಸುತ್ತು ಮುಂದೆ. ಎಣಿಕೆಯ ತಪ್ಪು ಅಂದರು. ಮನೆಯವರು ಅದನ್ನು ಎಂದೂ ನಂಬಲಿಲ್ಲ. ಗೆದ್ದವರಿಗೆ ಅಲ್ಲಿ ಬಿಳಿಯ ಹುಡುಗಿ ಕಪ್ ಕೊಟ್ಟು ಮುತ್ತು ಕೊಡುವ ರೂಢಿ ಇತ್ತು. ಆ ದೃಶ್ಯ ಜನರ ಕಣ್ಣಿಗೆ ಬೀಳಬಾರದು ಅಂತ ಹೀಗೆ ಮಾಡಿದರು ಅನ್ನುವುದು ಅವರ ಮಾತು. ನಾನೂ ಅದನ್ನೇ ನಂಬುತ್ತೇನೆ. ಎರಡು ಸುತ್ತು ಅಂದರೆ ಸಣ್ಣ ಎಡವಟ್ಟಲ್ಲ.

ಸ್ಕಾಟ್ 495 ರೇಸ್‌ಗಳಲ್ಲಿ ಓಡಿಸಿದರು. ಗೆಲುವು ಅದೊಂದೇ. 1990ರಲ್ಲಿ ತೀರಿಕೊಂಡರು. 2015ರಲ್ಲಿ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಆ ರೇಸಿನ ಕಪ್ಪನ್ನು ನಾಸ್ಕಾರ್ ಅವರ ಮನೆಯವರ ಕೈಗೆ ಕೊಟ್ಟಿದ್ದು 2021ರ ಆಗಸ್ಟ್‌ನಲ್ಲಿ, ಡೇಟೋನಾದಲ್ಲಿ. ಐವತ್ತೇಳು ವರ್ಷ ದಾಟಿತ್ತು.

ಇನ್ನೊಂದು ಲೆಕ್ಕ ಉಳಿದಿದೆ. ಅಜ್ಜನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ದೊಡ್ಡದಾಗಿ 85 ಅಂತ ಬರೆದಿತ್ತು. ಕೇಳಿದೆ. ಬಾಬಿ ಆಲಿಸನ್ ಗೆದ್ದ ರೇಸುಗಳು ಅಂದರು. ಆಗ ದಾಖಲೆಯಲ್ಲಿ ಇದ್ದಿದ್ದು 84. ಜಗಳ ಇದ್ದಿದ್ದು 1971ರ ಆಗಸ್ಟ್ 6ರ ರೇಸಿನ ಬಗ್ಗೆ. ವಿನ್‌ಸ್ಟನ್ ಸೇಲಮ್‌ನಲ್ಲಿ, ಫುಟ್‌ಬಾಲ್ ಮೈದಾನದ ಸುತ್ತ ಇರುವ ಪುಟ್ಟ ಟ್ರ್ಯಾಕಿನಲ್ಲಿ ನಡೆದಿದ್ದು. ಕಾರುಗಳು ಸಾಲದೆ ಸಣ್ಣ ಸರಣಿಯ ಕಾರುಗಳನ್ನೂ ಸೇರಿಸಿಕೊಂಡಿದ್ದರು. ಆಲಿಸನ್ ಸಣ್ಣ ಸರಣಿಯ ಮಸ್ಟಾಂಗ್ ಕಾರಿನಲ್ಲಿ ಗೆದ್ದರು. ಎರಡನೆಯವರು ರಿಚರ್ಡ್ ಪೆಟಿ. ಕಾರು ಬೇರೆ ಜಾತಿಯದು ಅಂತ ಆ ಗೆಲುವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದೇ ವರ್ಷ ಟೈನಿ ಲುಂಡ್ ಸಣ್ಣ ಸರಣಿಯ ಕಮಾರೊದಲ್ಲಿ ಎರಡು ರೇಸ್ ಗೆದ್ದಾಗ ಮಾತ್ರ ಹಿಡಿದರು. ಅಭಿಮಾನಿಗಳು ಇದನ್ನು ಬಿಡಲಿಲ್ಲ. ಹೋದಲ್ಲಿ ಬಂದಲ್ಲಿ ಎತ್ತುತ್ತಲೇ ಇದ್ದರು.

2024ರ ಅಕ್ಟೋಬರ್ 23ರಂದು ನಾಸ್ಕಾರ್ ದಾಖಲೆ ತಿದ್ದಿತು. 85. ಐವತ್ತಮೂರು ವರ್ಷದ ಮೇಲೆ. ಬಾಬಿ ಆಲಿಸನ್‌ಗೆ ಆಗ 86 ವರ್ಷ. ಹದಿನೇಳು ದಿನ ಕಳೆದು, ನವೆಂಬರ್ 9ರಂದು ಅವರು ತೀರಿಕೊಂಡರು. ವೆಂಡೆಲ್ ಸ್ಕಾಟ್‌ಗೆ ಅಷ್ಟು ದಿನವೂ ಸಿಗಲಿಲ್ಲ.

ಆ ಸುದ್ದಿ ಓದಿದಾಗ ನಾನು ಊರಿಗೆ ವಾಪಸ್ ಬಂದಾಗಿತ್ತು. ಮೊದಲು ಮಾಡಿದ ಕೆಲಸ ಅಂದರೆ ಹಳೆಯ ಫೈಲು ಹುಡುಕಿದ್ದು. ಮಾರ್ಟಿನ್ಸ್‌ವಿಲ್‌ನಲ್ಲಿ ಅವತ್ತು ಜಿಮ್ಮಿ ಜಾನ್ಸನ್ ಗೆದ್ದ ಮೇಲೆ ಅಜ್ಜ ತಮ್ಮ ಗೀಟುಗಳನ್ನು ಎಣಿಸಿ, ಪರದೆ ನೋಡಿ, ತಲೆದೂಗಿ, ಆ ಹಾಳೆಯನ್ನು ಹರಿದು ನನ್ನ ಕೈಗಿಟ್ಟಿದ್ದರು. ಮೊದಲ ರೇಸಿನ ನೆನಪಿಗೆ ಇಟ್ಟುಕೋ ಮಗು ಅಂತ. ಆ ಹಾಳೆ ಇಲ್ಲಿ ಮೇಜಿನ ಮೇಲಿದೆ. ಐದೈದರ ಕಟ್ಟು, ಪೆನ್ಸಿಲ್ ಸ್ವಲ್ಪ ಮಾಸಿದೆ. ಹೋಗುವ ಮೊದಲು ಬಂದು ನೋಡಿ. ಬೇಕಾದರೆ ಎಣಿಸಿಯೂ ನೋಡಿ.

ನಮಸ್ಕಾರ.