ಬಿಟ್ ಸರಿಸಿದಾಗ ಮೈನಸ್ ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಡಿಪ್ಲೊಮಾ, ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಡಿಎಸ್18ಬಿ20 ಎಂಬ ಟೆಂಪರೇಚರ್ ಸೆನ್ಸರ್ ಬಳಸಿದವರು ಇದ್ದೇ ಇರುತ್ತೀರಿ. ನಮ್ಮ ಬಿಸಿಲಿನಲ್ಲಿ ಕೋಡ್ ತಪ್ಪಿದ್ದರೂ ಅದರ ಲೆಕ್ಕ ಸರಿಯಾಗಿಯೇ ಬರುತ್ತದೆ. ತೊಂದರೆ ಇರುವುದೇ ಅಲ್ಲಿ. ಅದೇ ಸೆನ್ಸರನ್ನು ಐಸ್‌ಕ್ರೀಮ್ ಅಂಗಡಿಯ ಫ್ರೀಜರಿಗೆ ಇಳಿಬಿಟ್ಟರೆ ಡಿಸ್‌ಪ್ಲೇ ಮೇಲೆ 4078 ಡಿಗ್ರಿ ಅಂತ ಬರಬಹುದು.

ಸೆನ್ಸರ್ ಕೊಡುವುದು ಎರಡು ಬೈಟ್, ಅಂದರೆ ಸೊನ್ನೆ ಇಲ್ಲವೇ ಒಂದು ಕೂರುವ 16 ಬಿಟ್. ಒಂದು ಡಿಗ್ರಿಗೆ 16 ಎಣಿಕೆ. 42 ಡಿಗ್ರಿ ಇದ್ದರೆ 672 ಬರುತ್ತದೆ. ನಾಲ್ಕು ಬಿಟ್ ಬಲಕ್ಕೆ ಸರಿಸಿದರೆ 42. ಮೈನಸ್ 18 ಆದರೆ ಎಣಿಕೆ ಮೈನಸ್ 288. ಮೈನಸ್ ಸಂಖ್ಯೆಗೆ 65536 ಕೂಡಿಸಿ ಬರೆಯುವ ಟೂಸ್ ಕಾಂಪ್ಲಿಮೆಂಟ್ ಪದ್ಧತಿಯಲ್ಲಿ ಇದರ ಬಿಟ್‌ಗಳೂ 65248ರ ಬಿಟ್‌ಗಳೂ ಒಂದೇ. ಇದನ್ನು ನಾಲ್ಕು ಸಲ ಬಲಕ್ಕೆ ಸರಿಸಿದಾಗ ಎಡಗಡೆ ನಾಲ್ಕು ಜಾಗ ಖಾಲಿಯಾಗುತ್ತವೆ. ಅಲ್ಲಿ ಸೊನ್ನೆ ತುಂಬಿದರೆ 4078. ಸೈನ್ ಬಿಟ್, ಅಂದರೆ ಮೈನಸ್ ಇದ್ದಾಗ ಒಂದಾಗಿರುವ ಎಡತುದಿಯ ಬಿಟ್. ಅದರ ಒಂದನ್ನೇ ತುಂಬಿದರೆ ಮೈನಸ್ 18. ಮೊದಲನೆಯದು ಲಾಜಿಕಲ್ ಶಿಫ್ಟ್, ಎರಡನೆಯದು ಅರಿತ್‌ಮೆಟಿಕ್ ಶಿಫ್ಟ್. ಎಆರ್‌ಎಂ ಪ್ರೊಸೆಸರಿನಲ್ಲಿ ಇವಕ್ಕೆ ಎಲ್‌ಎಸ್‌ಆರ್, ಎಎಸ್‌ಆರ್ ಎಂಬ ಬೇರೆ ಬೇರೆ ಇನ್‌ಸ್ಟ್ರಕ್ಷನ್‌ಗಳಿವೆ.

ಸಿ ಭಾಷೆಯಲ್ಲಿ ಎರಡರಲ್ಲಿ ಯಾವುದು ನಡೆಯಬೇಕೆಂಬುದು ವೇರಿಯಬಲ್‌ನ ಟೈಪ್ ನೋಡಿ ತೀರ್ಮಾನವಾಗುತ್ತದೆ: ಮೈನಸ್ ಹಿಡಿಯುವ ಸೈನ್ಡ್ ಟೈಪೋ, ಹಿಡಿಯದ ಅನ್‌ಸೈನ್ಡ್ ಟೈಪೋ ಎಂದು. ಜಾವಾದಲ್ಲಿ ಅದನ್ನು ಶಿಫ್ಟ್ ಚಿಹ್ನೆಯೇ ಹೇಳುತ್ತದೆ: ಎರಡು ಬಾಣ ಬರೆದರೆ ಸೈನ್ ಉಳಿಯುತ್ತದೆ, ಮೂರು ಬರೆದರೆ ಸೊನ್ನೆ ತುಂಬುತ್ತದೆ. ಸಿ ಭಾಷೆ ಮೈನಸ್ ಸಂಖ್ಯೆಯ ಬಲ ಶಿಫ್ಟನ್ನು ಕಂಪೈಲರಿಗೇ ಬಿಟ್ಟಿದೆ. ಜಿಸಿಸಿ ಎಂಬ ಕಂಪೈಲರ್ ಸೈನ್ ಬಿಟ್ಟನ್ನೇ ತುಂಬುತ್ತದೆ.

ಹಾಗಾದರೆ ಸೈನ್ಡ್ ಇಂಟ್ ಹಾಕಿಬಿಟ್ಟರೆ ಸಾಕೇ? ಸಾಲದು. ಆರ್ಡುಯಿನೊ ಊನೊ ಆರ್3 ಬೋರ್ಡಿನಲ್ಲಿ ಇಂಟ್ ಎಂಬ ಪೂರ್ಣಾಂಕದ ಟೈಪ್ ಅಂದರೆ 16 ಬಿಟ್. ಎರಡು ಬೈಟ್ ಜೋಡಿಸಿದಾಗ ಸೈನ್ ತಾನಾಗಿಯೇ ಮೇಲಿನ ಬಿಟ್‌ನಲ್ಲಿ ಕೂರುತ್ತದೆ. ಅದೇ ಕೋಡನ್ನು ಇಎಸ್‌ಪಿ32 ಎಂಬ ಬೋರ್ಡಿಗೆ ಹಾಕಿ: ಅಲ್ಲಿ ಇಂಟ್ 32 ಬಿಟ್, ಹಾಗಾಗಿ 65248 ಬರೀ ಒಂದು ದೊಡ್ಡ ಪ್ಲಸ್ ಸಂಖ್ಯೆ. ಮೊದಲು ಅನ್‌ಸೈನ್ಡ್ 16 ಬಿಟ್‌ನಲ್ಲಿ ಬೈಟ್‌ಗಳನ್ನು ಜೋಡಿಸಿ, ಆಮೇಲೆ ಸೈನ್ಡ್ 16 ಬಿಟ್‌ಗೆ ಕಾಸ್ಟ್ ಮಾಡಿ, ಅಂದರೆ ಟೈಪ್ ಬದಲಿಸಿ, ಕೊನೆಗೆ ಸರಿಸಿ. ಈ ಕ್ರಮ ತಪ್ಪಿಸಬೇಡಿ.

ಎಡಕ್ಕೆ ಸರಿಸುವುದು ಇನ್ನೂ ಮೋಸದ್ದು. ಸಿ ಭಾಷೆಯಲ್ಲಿ ಮೈನಸ್ ಸಂಖ್ಯೆಯನ್ನು ಎಡಕ್ಕೆ ಸರಿಸಿದರೆ ಫಲ ಇಂಥದ್ದೇ ಎಂಬ ಭರವಸೆ ಇಲ್ಲ. 32 ಬಿಟ್ ಸಂಖ್ಯೆಯನ್ನು ಒಂದೇ ಏಟಿಗೆ 32 ಜಾಗ ಸರಿಸಿದರೂ ಅಷ್ಟೇ: ಇಂಟೆಲ್ ಚಿಪ್ ಆ 32ನ್ನು ಸೊನ್ನೆಯೆಂದೇ ಓದಿ ಸಂಖ್ಯೆಯನ್ನು ಇದ್ದಂತೆಯೇ ಬಿಡುತ್ತದೆ. ಎಡಕ್ಕೆ ಸರಿಸುವ ಕೆಲಸವೆಲ್ಲ ಅನ್‌ಸೈನ್ಡ್‌ನಲ್ಲೇ ಆಗಲಿ.

ಶಿಫ್ಟ್ ಅಂದರೆ ಭಾಗಾಕಾರ ಎನ್ನುವ ಮಾತೂ ಮೈನಸ್ ಬಂದ ಕೂಡಲೇ ಕೆಡುತ್ತದೆ. ಮೈನಸ್ 18.5 ಡಿಗ್ರಿಗೆ ಎಣಿಕೆ ಮೈನಸ್ 296. ಸರಿಸಿದರೆ ಮೈನಸ್ 19, ಏಕೆಂದರೆ ಶಿಫ್ಟ್ ಯಾವಾಗಲೂ ಕೆಳಗಿನ ಸಂಖ್ಯೆಗೆ ಇಳಿಯುತ್ತದೆ. 16ರಿಂದ ಭಾಗಿಸಿದರೆ ಮೈನಸ್ 18, ಏಕೆಂದರೆ ಸಿ ಭಾಷೆಯ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸುತ್ತದೆ. ವೇಗದ ಆಸೆಗೆ ಶಿಫ್ಟ್ ಬರೆಯುವುದು ವ್ಯರ್ಥ. ಭಾಗಾಕಾರವನ್ನೇ ಬರೆಯಿರಿ, ಆಪ್ಟಿಮೈಸೇಷನ್ ಹಾಕಿದ ಕಂಪೈಲರ್, ಮೈನಸ್ ಇದ್ದಾಗ 15 ಕೂಡಿಸಿ ತಾನೇ ಶಿಫ್ಟ್ ಮಾಡಿಕೊಳ್ಳುತ್ತದೆ.

ಪರೀಕ್ಷೆಗೆ ಫ್ರೀಜರ್ ಬೇಕಿಲ್ಲ. ಸೆನ್ಸರ್ ಬದಲು ಕೈಯಾರೆ 65248 ಕೊಡಿ, ಮೈನಸ್ 18 ಬರಬೇಕು. ಆಮೇಲೆ 65535 ಕೊಡಿ, ಅಂದರೆ ಸೊನ್ನೆಗಿಂತ ಹದಿನಾರನೇ ಒಂದು ಡಿಗ್ರಿ ಕೆಳಗೆ. ಶಿಫ್ಟ್ ಮೈನಸ್ ಒಂದು ಎನ್ನುತ್ತದೆ, ಭಾಗಾಕಾರ ಸೊನ್ನೆ ಎನ್ನುತ್ತದೆ. ಎರಡೂ ತಪ್ಪಲ್ಲ, ಡಿಸ್‌ಪ್ಲೇಗೆ ಯಾವುದು ಬೇಕೆಂದು ಕೋಡ್ ಬರೆಯುವ ಮೊದಲೇ ಗೊತ್ತುಮಾಡಿಕೊಳ್ಳಿ. ನಮಸ್ಕಾರ.